ಶೋಕಿಲಾಲ



ಕಳೆದ ಹುತ್ತರಿ ಮುಗಿದ ಮೇಲೆ ಒಂದು ಭಾನುವಾರ ನೆಲ್ಯಹುದಿಕೇರಿಯಲ್ಲಿ ಹಳೆಯ ವಿದ್ಯಾರ್ಥಿಯೊಬ್ಬನ ಗೃಹಪ್ರವೇಶಕ್ಕೆ ಹೋಗಿದ್ದೆ. ಸಿದ್ದಾಪುರದಿಂದ ಕಾವೇರಿಯ ಸೇತುವೆ ದಾಟಿದರೆ ನೆಲ್ಯಹುದಿಕೇರಿ. ಮೊದಲಾದರೆ ನಡೆದೇ ಹೋಗುತ್ತಿದ್ದೆ. ಈಗ ಮಂಡಿನೋವಿನ ದೆಸೆಯಿಂದ ಆಟೋರಿಕ್ಷಾ. ಅಲ್ಲಿ 1983ರಲ್ಲಿ ಒಂಬತ್ತನೆಯ ತರಗತಿಯಲ್ಲಿದ್ದ ಏಳೆಂಟು ಮಂದಿ ಸೇರಿದ್ದರು. ಎಲ್ಲರೂ ಐವತ್ತೈದರ ಆಸುಪಾಸಿನವರು. ತಲೆ ನರೆತವರು, ತಲೆಯೇ ಬರಿದಾದವರು. ಊಟವಾಗಿ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಹಳೆಯ ಮಾತು ತೆಗೆದಾಗ ಒಬ್ಬ ಕೇಳಿದ: "ಸಾರ್, ನಮ್ಮ ಕ್ಲಾಸಿನ ಶೋಕಿಲಾಲ ಈಗ ಎಲ್ಲಿದ್ದಾನೋ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಯಾರೋ, "ಅವನ ನಿಜವಾದ ಹೆಸರೇನು?" ಎಂದರು. ಅಂಗಳದಲ್ಲಿ ಮೌನ. ಒಬ್ಬನಿಗೂ ನೆನಪಿಲ್ಲ. ಮೂರು ವರ್ಷ ಒಂದೇ ಬೆಂಚಿನಲ್ಲಿ ಕುಳಿತವನಿಗೂ ನೆನಪಿಲ್ಲ. "ನಿಮಗೆ ಗೊತ್ತಿರುತ್ತೆ ಸಾರ್" ಎಂದು ಎಲ್ಲರೂ ನನ್ನ ಕಡೆ ನೋಡಿದರು. ಹಾಜರಿ ಪುಸ್ತಕದಲ್ಲಿ ದಿನವೂ ಕೂಗುತ್ತಿದ್ದ ಹೆಸರು ನನ್ನ ನಾಲಿಗೆಗೂ ಬರಲಿಲ್ಲ. ಬಂದದ್ದು ಅದೊಂದೇ ಪದ. ಆ ಪದವನ್ನು ಅವನಿಗೆ ಅಂಟಿಸಿದವನು ನಾನು ಎಂಬುದು ಅಲ್ಲಿದ್ದವರಲ್ಲಿ ಬಹಳ ಮಂದಿಗೆ ಮರೆತುಹೋಗಿತ್ತು. ನನಗೆ ಮರೆತಿರಲಿಲ್ಲ.

ನಡೆದದ್ದನ್ನು ಬರೆಯುತ್ತೇನೆ.

ಆ ಹುಡುಗ ತೋಟದ ಲೈನ್ ಮನೆಯಿಂದ ಬರುತ್ತಿದ್ದವನು. ತಂದೆ ಇರಲಿಲ್ಲ, ತಾಯಿ ಕೂಲಿ. ನಮ್ಮ ಕಡೆ ರೊಬಸ್ಟಾ ಕುಯ್ಲಿನ ದಿನಗಳೆಂದರೆ ಜನವರಿ, ಫೆಬ್ರವರಿ. ಆಗ ಲೈನ್ ಮನೆಗಳ ಮಕ್ಕಳ ಹೆಸರಿನ ಮುಂದೆ ಗೈರುಹಾಜರಿಯ ಗುರುತು ಸಾಲಾಗಿ ಬೀಳುತ್ತಿತ್ತು. ತಾಯಿಯ ಜೊತೆ ತೋಟಕ್ಕೆ ಹೋಗಿ ಹಣ್ಣು ಕುಯ್ದು, ಸಂಜೆ ಚೀಲ ಹೊತ್ತು ತಂದು ಅಳೆಯಿಸಿ, ನಾಲ್ಕು ಕಾಸು ಕಂಡು ಬರುತ್ತಿದ್ದರು. ಇವನೂ ಹಾಗೆಯೇ ಹತ್ತು ಹನ್ನೆರಡು ದಿನ ಕಾಣೆಯಾಗಿ ಒಂದು ಸೋಮವಾರ ತರಗತಿಗೆ ಬಂದ. ಕಣ್ಣಿಗೆ ಕೂಲಿಂಗ್ ಗ್ಲಾಸ್. ಸಂತೆಯಲ್ಲಿ ಚಾಪೆಯ ಮೇಲೆ ಹರಡಿ ಮಾರುತ್ತಾರಲ್ಲ, ಆ ಜಾತಿಯದು. ಕೂದಲಿಗೆ ಎಣ್ಣೆ ಹಚ್ಚಿ ಓರೆ ಬೈತಲೆ ತೆಗೆದಿದ್ದ.

ನನಗೆ ಆ ದಿನ ಮತ್ತೊಂದು ಚಿಂತೆ ಇತ್ತು. ಶಾಲೆಗೆ ಕಟ್ಟಬೇಕಾಗಿದ್ದ ಸಣ್ಣ ಮೊತ್ತವೊಂದನ್ನು ಅವನು ಇನ್ನೂ ಕಟ್ಟಿರಲಿಲ್ಲ. ವ್ಯಾಕರಣದ ನೋಟ್ ಪುಸ್ತಕವನ್ನೂ ತಂದಿರಲಿಲ್ಲ. ನಾನು ಹೇಳಿದೆ: "ಬಾರಪ್ಪಾ ಶೋಕಿಲಾಲ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು." ಇಡೀ ತರಗತಿ ಘೊಳ್ಳೆಂದಿತು. ಅವನು ಕನ್ನಡಕ ತೆಗೆದು ಜೇಬಿನಲ್ಲಿಟ್ಟು ಕುಳಿತ. ಅಂದು ಗಾದೆ ಸಮಯಕ್ಕೆ ಸರಿಯಾಗಿ ಒದಗಿತೆಂದು ನನಗೆ ಒಳಗೊಳಗೇ ಸಂತೋಷವೂ ಆಯಿತು. ಕನ್ನಡ ಮೇಷ್ಟ್ರುಗಳ ದೌರ್ಬಲ್ಯ ಇದು: ಮಾತು ಚೆನ್ನಾಗಿ ಬಂದರೆ ಸಾಕು, ಅದು ಎಲ್ಲಿ ಹೋಗಿ ಬಿದ್ದಿತೆಂದು ನೋಡುವುದಿಲ್ಲ.

ಅಂದಿನಿಂದ ಅವನು ಶೋಕಿಲಾಲ. ಆಟದ ಬಯಲಿನಲ್ಲಿ, ಬಸ್ ನಿಲ್ದಾಣದಲ್ಲಿ, ಕೊನೆಗೆ ಕೆಲವು ಉಪಾಧ್ಯಾಯರ ಬಾಯಲ್ಲಿಯೂ. ಹೂಮಳೆ ಬಿದ್ದು ತೋಟಗಳೆಲ್ಲ ಬಿಳಿಯ ಹೂವಾಗಿ ನಿಂತ ಹೊತ್ತಿಗೆ ಅವನು ಶಾಲೆಗೆ ಬರುವುದನ್ನು ನಿಲ್ಲಿಸಿದ್ದ. ಆ ಕುಟುಂಬ ಬೇರೆ ತೋಟಕ್ಕೆ ಹೋಯಿತೆಂದು ಕೇಳಿದೆ. ಲೈನ್ ಮನೆಯ ಜನ ಹಾಗೆ ಹೋಗುವುದು ಹೊಸದಲ್ಲ. ನನ್ನ ಮಾತಿನಿಂದಲೇ ಅವನ ಓದು ನಿಂತಿತೆಂದು ಹೇಳಲಾರೆ. ನನ್ನ ಮಾತಿಗೂ ಅದಕ್ಕೂ ಸಂಬಂಧವಿಲ್ಲವೆಂದೂ ಹೇಳಲಾರೆ.

ಗೃಹಪ್ರವೇಶದಿಂದ ಬಂದ ರಾತ್ರಿ ನಿದ್ರೆ ಹತ್ತದೆ ಆ ಪದವನ್ನೇ ಹಿಡಿದು ಕುಳಿತೆ. ನಿಘಂಟಿನ ಹುಚ್ಚು ನನಗೆ ಹಳೆಯದೆಂದು ನಿಮಗೆಲ್ಲ ಗೊತ್ತು. 'ಪ್ರಜಾವಾಣಿ'ಯಲ್ಲಿ ಪ್ರೊ. ಜಿ. ವೆಂಕಟಸುಬ್ಬಯ್ಯನವರ 'ಇಗೋ ಕನ್ನಡ' ಬರುತ್ತಿದ್ದಾಗ ಕತ್ತರಿಸಿ ಅಂಟಿಸಿಟ್ಟುಕೊಂಡವನು ನಾನು. ಆ ಹಿರಿಯರು 2021ರಲ್ಲಿ, 107ರ ಪ್ರಾಯದಲ್ಲಿ, ತೀರಿಕೊಂಡಾಗ ಮನೆಯ ಹಿರಿಯರೇ ಹೋದಂತೆನಿಸಿತ್ತು. ಒಂದು ಪದಕ್ಕೆ ಅರ್ಥ ಹೇಳುವ ಮೊದಲು ಅದು ಎಲ್ಲಿಂದ ಬಂತು, ದಾರಿಯಲ್ಲಿ ಏನಾಯಿತು ಎಂದು ವಿಚಾರಿಸಬೇಕೆಂಬುದನ್ನು ಅವರಿಂದ ಕಲಿತೆ. ಮೂವತ್ತನಾಲ್ಕು ವರ್ಷ ಅದನ್ನೇ ನಿಮಗೆ ಪಾಠ ಹೇಳಿದೆ. ಈ ಪದದ ವಿಷಯದಲ್ಲಿ ಮಾತ್ರ ನಾನೇ ವಿಚಾರಿಸಿರಲಿಲ್ಲ.

'ಶೋಕಿ' ನಮ್ಮದಲ್ಲ, ಅರಬ್ಬಿಯ 'ಶೌಕ್' ಎಂಬುದು ಪಾರಸಿ, ಹಿಂದೂಸ್ತಾನಿಗಳ ಮೂಲಕ ಹಾದು ಬಂದದ್ದು. ಮೂಲದಲ್ಲಿ ಅದರ ಅರ್ಥ ಹಂಬಲ, ತೀವ್ರವಾದ ಬಯಕೆ. ಸೂಫಿಗಳು ದೇವರನ್ನು ಕುರಿತ ಹಂಬಲಕ್ಕೂ ಇದೇ ಮಾತನ್ನು ಬಳಸಿದರು. 'ಮಜಾ' ಎಂಬುದು ಪಾರಸಿ. ಅಲ್ಲಿ ಅದರ ಅರ್ಥ ರುಚಿ. 'ಮೋಜು' ಅರಬ್ಬಿಯ 'ಮೌಜ್'. ಎಂದರೆ ನೀರಿನ ಅಲೆ. 'ಐಷಾರಾಮ' ಎರಡು ಮಾತುಗಳ ಕೂಟ: ಅರಬ್ಬಿಯ 'ಐಷ್' ಎಂದರೆ ಬದುಕು, ಪಾರಸಿಯ 'ಆರಾಮ್' ಎಂದರೆ ವಿಶ್ರಾಂತಿ. ಈಜಿಪ್ಟಿನವರು ಇಂದಿಗೂ ರೊಟ್ಟಿಯನ್ನೇ 'ಐಷ್' ಎನ್ನುತ್ತಾರೆ. ಹಂಬಲ, ರುಚಿ, ಅಲೆ, ರೊಟ್ಟಿ. ಇವುಗಳಲ್ಲಿ ಒಂದಾದರೂ ಬೈಗುಳವಾಗಿತ್ತೆ? ಹುಟ್ಟೂರಿನಲ್ಲಿ ಮರ್ಯಾದೆಯಿಂದಿದ್ದ ಮಾತುಗಳು ನಮ್ಮಲ್ಲಿಗೆ ಬಂದು ಪೋಲಿಗಳ ಸಹವಾಸಕ್ಕೆ ಬಿದ್ದವು. ಅದರಲ್ಲಿಯೂ 'ಶೋಕಿಲಾಲ' ಎಂಬುದು ಮೋತಿಲಾಲ, ಹೀರಾಲಾಲ ಎಂಬಂತೆ ಮನುಷ್ಯನ ಹೆಸರಿನ ಹಾಗೆಯೇ ಕೇಳುತ್ತದೆ. ಅದಕ್ಕೇ ಇರಬೇಕು, ಒಮ್ಮೆ ಅಂಟಿಕೊಂಡರೆ ತಾಯಿ ಇಟ್ಟ ಹೆಸರನ್ನು ಹೊರಗೆ ನೂಕಿ ತಾನು ಕುಳಿತುಬಿಡುತ್ತದೆ.

ಪರಭಾಷೆಯ ಮಾತುಗಳನ್ನು ಬಿಟ್ಟು ನಮ್ಮ ಹಳೆಯ ಮಾತುಗಳನ್ನೇ ನೋಡೋಣ. 'ಸೊಗ' ಎಂಬುದು ಸುಖ ಶಬ್ದದ ತದ್ಭವ. ಸೊಗಯಿಸು, ಸೊಗಸು ಅದೇ ಬಳಿಯವು. ಇದರಿಂದ ಸೊಗಸುಗಾರ, ಸೊಗಸುಗಾತಿ. ನಮ್ಮ ಸಿದ್ದಾಪುರದ ಚಹಾ ಅಂಗಡಿಗಳಲ್ಲಿ ಗಾಜಿನ ಪೆಟ್ಟಿಗೆಯೊಳಗಿಡುವ, ಹೆಸರುಕಾಳು ಬೆಲ್ಲ ತುಂಬಿ ಕರಿದ ಉಂಡೆಗೆ ಮಲಯಾಳದಲ್ಲಿ 'ಸುಖಿಯನ್' ಎನ್ನುತ್ತಾರೆ. ದಿನವಿಡೀ ಮೈಮುರಿದು ದುಡಿದವನು ಸಂಜೆ ಒಂದು ಸುಖಿಯನ್, ಅರ್ಧ ಲೋಟ ಚಹಾ ಕುಡಿದರೆ ಅವನನ್ನು ಯಾವ ಧರ್ಮಶಾಸ್ತ್ರ ಆಕ್ಷೇಪಿಸೀತು?

'ಭೋಗ' ಇನ್ನೂ ದೊಡ್ಡ ಮಾತು. ಇಂದು 'ಭೋಗಿ' ಎಂದರೆ ಮುಖ ಸಿಂಡರಿಸುತ್ತೇವೆ. ಆದರೆ ಕನ್ನಡ ಶಾಸನಗಳಲ್ಲಿ ದೇವಾಲಯಗಳಿಗೆ ಭೂಮಿ ಬಿಡುವಾಗ ದೇವರ 'ಅಂಗಭೋಗ ರಂಗಭೋಗ'ಕ್ಕೆಂದು ಬಿಟ್ಟ ಉದಾಹರಣೆಗಳು ಲೆಕ್ಕವಿಲ್ಲದಷ್ಟಿವೆ. ಅಂಗಭೋಗವೆಂದರೆ ಸ್ನಾನ, ಗಂಧ, ಹೂವು, ನೈವೇದ್ಯ. ರಂಗಭೋಗವೆಂದರೆ ಹಾಡು, ವಾದ್ಯ, ಕುಣಿತ. ದೇವರಿಗೂ ಅನ್ನ ಮಾತ್ರ ಸಾಲದು, ಹೂವೂ ಬೇಕು, ಹಾಡೂ ಬೇಕು ಎಂದು ನಮ್ಮ ಹಿರಿಯರು ಕಲ್ಲಿನಲ್ಲಿ ಕೊರೆಯಿಸಿದರು. ಚಿಕ್ಕಬಳ್ಳಾಪುರದ ಬಳಿಯ ನಂದಿಯಲ್ಲಿ ಬೆಟ್ಟದ ಮೇಲೆ ಯೋಗನಂದೀಶ್ವರನಿದ್ದರೆ ಬುಡದಲ್ಲಿ ಭೋಗನಂದೀಶ್ವರನಿದ್ದಾನೆ. ಪ್ರವಾಸಕ್ಕೆ ಕರೆದುಕೊಂಡು ಹೋದಾಗ ಆ ಎರಡು ಗುಡಿಗಳನ್ನೂ ನಿಮ್ಮಲ್ಲಿ ಹಲವರಿಗೆ ತೋರಿಸಿದ್ದೇನೆ. ಮನೆ ಭೋಗ್ಯಕ್ಕೆ ಕೊಡುವಾಗಲೂ ಇದೇ ಮಾತು. ಅನುಭವಿಸುವ ಹಕ್ಕು ಎಂದಷ್ಟೇ ಅಲ್ಲಿ ಅರ್ಥ.

ಕ್ರಿ.ಶ. 941ರ ಸುಮಾರಿಗೆ ಪಂಪ 'ವಿಕ್ರಮಾರ್ಜುನ ವಿಜಯ'ವನ್ನು ಬರೆದಾಗ ಬನವಾಸಿಯ ಜನರನ್ನು ಹೊಗಳುವ ಸಂದರ್ಭ ಬರುತ್ತದೆ. ಅವನು ಎಣಿಸುವ ಗುಣಗಳಲ್ಲಿ ಮೊದಲನೆಯದು ತ್ಯಾಗ, ಅದರ ಮಗ್ಗುಲಲ್ಲೇ ಭೋಗ; ಅವುಗಳ ಜೊತೆಗೆ ವಿದ್ಯೆ, ಸಂಗೀತ, ಗೋಷ್ಠಿಯ ಸುಖ. ಇವೆಲ್ಲಕ್ಕೂ ನೆಲೆಯಾದವರೇ ಮನುಷ್ಯರು ಎಂಬುದು ಅವನ ತೀರ್ಮಾನ. ತ್ಯಾಗಿಯೂ ಭೋಗಿಯೂ ವೈರಿಗಳೆಂದು ಪಂಪನಿಗೆ ಅನಿಸಲಿಲ್ಲ. ಆ ಪದ್ಯವನ್ನು ನಾನು ಎಷ್ಟು ಬಾರಿ ರಾಗವಾಗಿ ಓದಿ ಅರ್ಥ ಹೇಳಿದ್ದೇನೋ! ಅದೇ ಬಾಯಿಂದ ಹದಿನಾಲ್ಕು ವರ್ಷದ ಹುಡುಗನ ಒಂದು ಅಗ್ಗದ ಕನ್ನಡಕವನ್ನು ಗೇಲಿ ಮಾಡಿದೆ.

ಇನ್ನೊಂದು ವಿಚಾರ. ಅದೇ ವರ್ಷ ನಾನು ಕಂತಿನಲ್ಲಿ ಒಂದು ಎಚ್‌ಎಂಟಿ ಕೈಗಡಿಯಾರ ಕೊಂಡಿದ್ದೆ. ನನ್ನ ಹಳೆಯ ಗಡಿಯಾರ ಸರಿಯಾಗಿಯೇ ನಡೆಯುತ್ತಿತ್ತು. ಹೊಸದರ ಬಂಗಾರದ ಬಣ್ಣಕ್ಕೆ ಮನಸೋತಿದ್ದೆ, ಅಷ್ಟೆ. ಉಪಾಧ್ಯಾಯರ ಕೊಠಡಿಯಲ್ಲಿ ಎಲ್ಲರೂ ಮಣಿಕಟ್ಟು ಹಿಡಿದು ನೋಡಿ, "ಒಳ್ಳೆಯ ಅಭಿರುಚಿ" ಎಂದರು. ಯಾರೂ ನನ್ನನ್ನು ಶೋಕಿಲಾಲ ಎನ್ನಲಿಲ್ಲ. ಅವನು ಕೊಂಡದ್ದು ತನ್ನ ಕೈದುಡಿಮೆಯ ಹಣದಿಂದ, ಸಾಲವಿಲ್ಲದೆ. ನಾನು ಕೊಂಡದ್ದು ಸಾಲದಲ್ಲಿ. ಹಾಗಾದರೆ ಪದ ಯಾರಿಗೆ ಸಲ್ಲಬೇಕಿತ್ತು? ವಿಚಾರ ಮಾಡುತ್ತ ಹೋದಂತೆ ನನಗೆ ತೋರಿದ್ದು ಇಷ್ಟು: ಈ ಪದಗಳಿಗೆ ಒಂದು ಏಣಿ ಇದೆ. ಸಿರಿವಂತ ಸುಖಪಟ್ಟರೆ ರಸಿಕ. ನಮ್ಮಂಥ ಮಧ್ಯಮದವರು ಪಟ್ಟರೆ ಅಭಿರುಚಿಯುಳ್ಳವರು. ಕೂಲಿಯ ಮಗ ಪಟ್ಟರೆ ಶೋಕಿಲಾಲ. ವಸ್ತುವಿನ ಬೆಲೆಗೂ ಪದಕ್ಕೂ ಸಂಬಂಧವಿಲ್ಲ. ಮನುಷ್ಯನಿಗೆ ನಾವು ಕಟ್ಟಿದ ಬೆಲೆಗೇ ಸಂಬಂಧ.

ಬಡವರ ಮೇಲೆ ಮಾತ್ರ ಈ ಪದಗಳು ಬೀಳುವುದೆಂದಲ್ಲ. ಸೋತವರ ಮೇಲೂ ಬೀಳುತ್ತವೆ. ನಮ್ಮ ಕೊಡಗಿನ ಕೊನೆಯ ಅರಸ ಚಿಕ್ಕವೀರರಾಜೇಂದ್ರನನ್ನು 1834ರಲ್ಲಿ ಪದಚ್ಯುತಗೊಳಿಸಿ ಕಂಪನಿ ಸರ್ಕಾರ ನಾಡನ್ನು ವಶಪಡಿಸಿಕೊಂಡಿತು. ಅವನ ಕ್ರೌರ್ಯ, ವಿಲಾಸಗಳ ಕಥೆಗಳು ಕಂಪನಿಯ ಕಡೆಯವರ ಬರಹಗಳಲ್ಲಿ ತುಂಬಿವೆ. ಮಾಸ್ತಿಯವರು 1956ರಲ್ಲಿ ಪ್ರಕಟವಾದ ತಮ್ಮ ಕಾದಂಬರಿಯಲ್ಲಿ ಆ ಪತನವನ್ನು ಚಿತ್ರಿಸಿದ್ದಾರೆ. ಅರಸ ನಿರ್ದೋಷಿಯೆಂದು ನಾನು ವಾದಿಸುವುದಿಲ್ಲ. ಆದರೆ 1856ರಲ್ಲಿ ಅವಧದ ವಾಜಿದ್ ಅಲಿ ಶಾಹನನ್ನು ಇಳಿಸುವಾಗಲೂ ಇದೇ ವಿಲಾಸದ ದೂರು ಕೇಳಿಬಂದಿತು. ಠುಮರಿ, ಕಥಕ್‌ಗಳಿಗೆ ಅವನು ಆಶ್ರಯವಾಗಿದ್ದುದು ಗುಣವೆನಿಸದೆ ದೋಷವೆನಿಸಿತು. ನಾಡು ಬೇಕಾದವರಿಗೆ ಮೊದಲು ಒಂದು ಪದ ಬೇಕಾಗುತ್ತದೆ. ನಮ್ಮ ಅರಸ ಮುಂದೆ ಕಾಶಿಯಲ್ಲಿ ಬಹುಕಾಲ ಇದ್ದು, 1852ರಲ್ಲಿ ಇಂಗ್ಲೆಂಡಿಗೆ ಹೋಗಿ, ಕಂಪನಿಯ ಮೇಲೆ ತನ್ನ ಹಣಕ್ಕಾಗಿ ದಾವೆ ಹೂಡಿ, 1859ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡ.

ಪಶ್ಚಿಮದಲ್ಲಿಯೂ ಇಂಥ ಅನ್ಯಾಯ ಆಗಿದೆ. ಗ್ರೀಸಿನ ಎಪಿಕ್ಯೂರಸ್ ಸುಖವೇ ಬಾಳಿನ ಗುರಿ ಎಂದವನು. ಅವನ ಹೆಸರಿನಿಂದ ಇಂಗ್ಲಿಷಿನವರು ತಿಂಡಿಪೋತ ಭೋಗಿಗಳಿಗೆ ಒಂದು ಪದವನ್ನೇ ಮಾಡಿಕೊಂಡರು. ಆ ಮನುಷ್ಯನೋ ಅಥೆನ್ಸಿನ ತನ್ನ ತೋಟದಲ್ಲಿ ರೊಟ್ಟಿ ನೀರಿನಲ್ಲಿ ತೃಪ್ತನಾಗಿದ್ದು, ಒಮ್ಮೆ ಗೆಳೆಯನಿಗೆ ಒಂದಿಷ್ಟು ಚೀಸ್ ಕಳಿಸು, ಬೇಕೆನಿಸಿದಾಗ ಹಬ್ಬ ಮಾಡುತ್ತೇನೆ ಎಂದು ಬರೆದವನು. ನೋವಿಲ್ಲದಿರುವುದೇ ಸುಖ ಎಂಬುದು ಅವನ ತತ್ತ್ವ. ಅರ್ಥಶಾಸ್ತ್ರದ ಪಿತಾಮಹನೆನಿಸಿದ ಆಡಂ ಸ್ಮಿತ್ 1776ರ ತನ್ನ ಗ್ರಂಥದಲ್ಲಿ ಇನ್ನೂ ಹತ್ತಿರದ ಮಾತು ಹೇಳಿದ್ದಾನೆ. ನಾರುಬಟ್ಟೆಯ ಅಂಗಿ ಬದುಕುವುದಕ್ಕೆ ಬೇಕೇಬೇಕೆಂದಿಲ್ಲ. ಆದರೂ ತನ್ನ ಕಾಲದ ಯುರೋಪಿನಲ್ಲಿ ದಿನಗೂಲಿಯವನು ಅದಿಲ್ಲದೆ ನಾಲ್ಕು ಜನರೆದುರು ಬರಲು ನಾಚುತ್ತಾನೆ, ಆದುದರಿಂದ ಅದೂ ಅವಶ್ಯಕ ವಸ್ತುವೇ ಎಂದು ಅವನ ಅಭಿಪ್ರಾಯ. ನಾಚದೆ ನಾಲ್ವರ ನಡುವೆ ನಿಲ್ಲುವುದು ಭೋಗವಲ್ಲ, ಅಗತ್ಯ. ಆ ಹುಡುಗ ಕನ್ನಡಕ ಹಾಕಿಕೊಂಡು ಬಂದದ್ದು ನಾಚದೆ ನಿಲ್ಲುವುದಕ್ಕಾಗಿ. ನಾನು ಅವನನ್ನು ನಾಚಿಸಿ ಕೂರಿಸಿದೆ.

ಇಷ್ಟು ಬರೆದ ಮೇಲೆ ಇನ್ನೊಂದು ಬದಿಯನ್ನೂ ಹೇಳದಿದ್ದರೆ ತಪ್ಪಾದೀತು. ನನ್ನ ಅಂದಿನ ಸಿಟ್ಟಿಗೆ ಬುಡವೇ ಇರಲಿಲ್ಲವೆಂದಲ್ಲ. ವಾರದ ಬಟವಾಡೆ ಸಂಜೆಯೊಳಗೆ ಕುಡಿತಕ್ಕೆ ಹೋದ ಮನೆಗಳನ್ನು ನಾನು ಕಂಡಿದ್ದೇನೆ. ಮಗಳ ಮದುವೆಯ ಆಡಂಬರಕ್ಕೆ ತೋಟ ಮಾರಿದವರನ್ನೂ ಕಂಡಿದ್ದೇನೆ. ಅವರಲ್ಲಿ ನಮ್ಮ ಬಂಧುಗಳೂ ಇದ್ದರು, ಹೆಸರು ಬೇಡ. ಅದಕ್ಕೆ ಬೇರೆ ಪದಗಳಿವೆ: ದುಂದು, ಚಟ, ಆಡಂಬರ. ಮನೆಮಂದಿಯ ಅನ್ನ ಕಸಿಯುವುದು ದುಂದು. ತನ್ನ ಬೆವರಿನಲ್ಲಿ ಒಂದು ಚೂರು ಸೊಗಸನ್ನು ಕೊಳ್ಳುವುದು ಆಸೆ. ಇವೆರಡಕ್ಕೂ ಒಂದೇ ಪದ ಬಳಸಿದರೆ ಭಾಷೆ ಬಡವಾಗುತ್ತದೆ, ಮನುಷ್ಯನೂ ಸಣ್ಣವನಾಗುತ್ತಾನೆ. ವ್ಯಾಕರಣದ ತಪ್ಪಿಗೆ ಕೆಂಪು ಶಾಯಿಯಿಂದ ಗೆರೆ ಎಳೆಯುತ್ತಿದ್ದ ನಾನು ಈ ತಪ್ಪಿಗೆ ಗೆರೆ ಎಳೆದುಕೊಳ್ಳಲಿಲ್ಲ.

2019ರ ಆಗಸ್ಟ್ ನಿಮಗೆಲ್ಲ ನೆನಪಿರಬೇಕು. ಕಾವೇರಿ ಉಕ್ಕಿ ಕರಡಿಗೋಡು, ಗುಹ್ಯ, ನೆಲ್ಯಹುದಿಕೇರಿಗಳ ಹೊಳೆದಂಡೆಯ ಮನೆಗಳು ಹೋದವು. ಪರಿಹಾರ ಕೇಂದ್ರವೊಂದರಲ್ಲಿ ಬೇಕಾದ ವಸ್ತುಗಳ ಪಟ್ಟಿ ಬರೆದುಕೊಳ್ಳುವ ಕೆಲಸ ನನಗೆ ಬಂತು. ಅಕ್ಷರ ದುಂಡಗಿದೆ ಎಂಬ ಕಾರಣಕ್ಕೆ. ಒಬ್ಬ ಹೆಣ್ಣುಮಗಳು ಚಾಪೆ, ಹೊದಿಕೆ, ಮಕ್ಕಳ ಬಟ್ಟೆ ಎಂದು ಹೇಳಿ, ಸ್ವಲ್ಪ ತಡೆದು, "ಒಂದು ಡಬ್ಬಿ ಪೌಡರ್ ಸಿಗ್ತದಾ ಸಾರ್?" ಎಂದು ಕೇಳಿದರು. ಪಕ್ಕದಲ್ಲಿದ್ದ ಯುವಕನೊಬ್ಬ ಮೆಲ್ಲಗೆ, "ಮನೆ ಹೋದ್ರೂ ಶೋಕಿ ಹೋಗಿಲ್ಲ ನೋಡಿ" ಎಂದ. ಕೆಟ್ಟ ಹುಡುಗನಲ್ಲ, ಮೂರು ದಿನದಿಂದ ನಿದ್ದೆಗೆಟ್ಟು ದುಡಿಯುತ್ತಿದ್ದ. ಆಕೆಗೆ ಅದು ಕೇಳಿಸಿತು. "ಬೇಡ ಬಿಡಿ ಸಾರ್" ಎಂದರು. ನಾನು ಆಗಲೇ ಬರೆದಾಗಿತ್ತು, ಹೊಡೆದುಹಾಕಲಿಲ್ಲ. ಮರುದಿನ ಅಂಗಡಿಯಿಂದ ಒಂದು ಡಬ್ಬಿ ತಂದುಕೊಟ್ಟೆ. ಆಕೆ ತೆಗೆದುಕೊಂಡರು, ನಗಲಿಲ್ಲ. ಎಲ್ಲವನ್ನೂ ಹೊಳೆಗೆ ಕಳೆದುಕೊಂಡವರಿಗೆ ಕನ್ನಡಿಯಲ್ಲಿ ತಮ್ಮ ಮುಖವೊಂದಾದರೂ ಮೊದಲಿನಂತೆ ಕಾಣಲಿ ಎಂಬ ಆಸೆ ಇದ್ದಿರಬಹುದು. ಹೊಟ್ಟೆಗೆ ಹಿಟ್ಟಿಲ್ಲದಾಗಲೂ ಜುಟ್ಟಿಗೆ ಒಂದು ಹೂವು ಬೇಕೆನಿಸುವುದು ನಗುವ ಸಂಗತಿಯಲ್ಲವೆಂದು ನನಗೆ ಆ ದಿನ ತಿಳಿಯಿತು. ಆಗ ನನಗೆ ಎಪ್ಪತ್ತೊಂದು ವರ್ಷ. ಬಹಳ ತಡವಾಗಿ ತಿಳಿಯಿತು.

ಗೃಹಪ್ರವೇಶದ ಮರುದಿನ ಅಟ್ಟದ ಮೇಲಿದ್ದ ಟ್ರಂಕನ್ನು ಇಳಿಸಿಸಿದೆ. ನಾನು ಅಂಕಗಳನ್ನು ಬರೆದಿಡುತ್ತಿದ್ದ ಹಳೆಯ ಪುಸ್ತಕಗಳು ಅದರಲ್ಲಿವೆ. ನನ್ನ ಮನೆಯವರು, "ಈ ವಯಸ್ಸಿನಲ್ಲಿ ಯಾರ ಮಾರ್ಕ್ಸ್ ತಿದ್ದಬೇಕಾಗಿದೆ ನಿಮಗೆ?" ಎಂದು ಕೇಳಿದರು. ಗೆದ್ದಲು ತಿಂದ ಪುಟಗಳ ನಡುವೆ 1983 ಸಿಕ್ಕಿತು. ಹೆಸರೂ ಸಿಕ್ಕಿತು. ಕನ್ನಡದಲ್ಲಿ ಐವತ್ತಕ್ಕೆ ಮೂವತ್ತೆಂಟು. ಮೂವತ್ತೆಂಟು! ನನ್ನ ನೆನಪಿನಲ್ಲಿ ಅವನು ದಡ್ಡನಾಗಿದ್ದ. ಪದ ಅವನ ಹೆಸರನ್ನು ಮಾತ್ರವಲ್ಲ, ಅಂಕಗಳನ್ನೂ ತಿಂದುಹಾಕಿತ್ತು.

ಆ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಅವನ ಒಪ್ಪಿಗೆಯಿಲ್ಲದೆ ಒಮ್ಮೆ ಹೆಸರಿಟ್ಟು ಕೂಗಿದ್ದು ಸಾಕು. ಗೃಹಪ್ರವೇಶಕ್ಕೆ ಬಂದಿದ್ದವರಿಗೆಲ್ಲ ದೂರವಾಣಿ ಮಾಡಿ ತಿಳಿಸಿದ್ದೇನೆ. ಇನ್ನು ಮೇಲೆ ಅದೇ ಹೆಸರಿನಿಂದ ನೆನೆಯಿರಿ ಎಂದು ಕೇಳಿಕೊಂಡಿದ್ದೇನೆ.

ಕೊನೆಗೆ ಒಂದು ಪದದ ಮಾತು. 'ವಿಲಾಸ' ಎಂದರೆ ಕ್ರೀಡೆ, ಸೊಬಗು, ಸುಖ. ಅದೇ ಪದ ಕನ್ನಡದಲ್ಲಿ 'ವಿಳಾಸ'ವಾಗಿ, ತಮಿಳು ಮಲಯಾಳಗಳಲ್ಲಿ 'ವಿಲಾಸಂ' ಆಗಿ, ಕಾಗದದ ಮೇಲೆ ಬರೆಯುವ ಊರು ಮನೆಗಳ ಗುರುತಾಗಿದೆ. ಸುಖದ ಮಾತು ಇರುವ ನೆಲೆಯ ಮಾತಾದದ್ದು ಹೇಗೋ ಆಯಿತು, ಆದದ್ದು ಚೆನ್ನಾಗಿದೆ. ಆ ವರ್ಷದ ಒಂಬತ್ತನೆಯ ತರಗತಿಯವರೇ, ಅಮ್ಮತ್ತಿ, ಪಾಲಿಬೆಟ್ಟ, ಚೆಟ್ಟಳ್ಳಿ, ಮಾಲ್ದಾರೆ ಕಡೆಯ ತೋಟಗಳಲ್ಲಿ ದುಡಿದವರೇ, ನಿಮ್ಮಲ್ಲಿ ಯಾರಿಗಾದರೂ ಅವನ ವಿಳಾಸ ಗೊತ್ತಿದ್ದರೆ ನನಗೆ ತಿಳಿಸಿ. ಕ್ಷಮೆ ಕೇಳಿ ಅವನನ್ನು ಮುಜುಗರಕ್ಕೆ ಈಡುಮಾಡುವ ಉದ್ದೇಶವಿಲ್ಲ. ಮೂವತ್ತೆಂಟು ಅಂಕ ಬಂದಿತ್ತು ಎಂದು ಹೇಳಬೇಕಾಗಿದೆ. ಅಂದು ನಾನು ಹೇಳಿರಲಿಲ್ಲ.